ಜೆಲ್ಲಿಗೆ ಜ್ವರ ಬಂದಿದೆ

ಜೆಲ್ಲಿಗೆ ಜ್ವರ ಬರುತ್ತದೆ ಎಂದು ನಂಬಿರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಆ ಒಬ್ಬರು ನನ್ನ ಸೋದರಮಾವನೇ ಆಗಿರುವುದು ನನ್ನ ಹಣೆಬರಹ, ಇನ್ನೇನು ಹೇಳಲಿ! ಜ್ವರ ಅಂದರೆ ನಿಮಗೂ ನನಗೂ ಬರುವ ಜ್ವರವಲ್ಲ. ರೇಷ್ಮೆ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲುಗಾಡದೆ ಕೂತು ಹಳೇ ಚರ್ಮ ಕಳಚುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ಹತ್ತಿರ ಗದ್ದಲ ಮಾಡಬಾರದು. ಸರಿ, ಒಪ್ಪೋಣ. ಆದರೆ ಒಲೆಯಿಂದ ಇಳಿಸಿ ಬಾಟಲಿಗೆ ತುಂಬಿಟ್ಟ ದಾಳಿಂಬೆ ಜೆಲ್ಲಿಯ ಮುಂದೆ ತುಟಿಯ ಮೇಲೆ ಬೆರಳಿಟ್ಟುಕೊಂಡು, “ಶ್! ಜ್ವರಕ್ಕೆ ಕುಂತದೆ, ಮಾತಾಡ್ಬ್ಯಾಡ ಕಣವ್ವ” ಅನ್ನುವವರಿಗೆ ಏನು ಹೇಳುತ್ತೀರಿ?

ನಾನಂತೂ ಹೇಳುವುದನ್ನು ಬಿಟ್ಟಿದ್ದೇನೆ. ರಾಮನಗರದ ಒಂದು ಶಾಲೆಯಲ್ಲಿ ಟೀಚರು ನಾನು. ವಾರವಿಡೀ ಮಕ್ಕಳ ಜೊತೆ ಕೂಗಾಡಿ ಗಂಟಲು ಹರಿದುಕೊಂಡು, ಭಾನುವಾರವಾದರೂ ಕಾಲು ಚಾಚಿ ಮಲಗೋಣ ಅಂದರೆ ಬೆಳಿಗ್ಗೆಯೇ ಮಾವನ ಫೋನು. “ಏನವ್ವ, ಎದ್ದಿದ್ದೀಯಾ? ಹಣ್ಣು ಒಡ್ದೋಗವೆ. ಬಂದ್ಬುಡು.” ಅಷ್ಟೇ. ಹೇಗಿದ್ದೀಯ ಅನ್ನುವುದಿಲ್ಲ, ಬರುವುದಕ್ಕಾಗುತ್ತದಾ ಅನ್ನುವುದಿಲ್ಲ. ಎದ್ದು, ಮುಖ ತೊಳೆದು, ಚನ್ನಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ಅಕ್ಕೂರಿನ ಕಡೆಗೆ ಇನ್ನೊಂದು ಬಸ್ಸು. ಆ ಎರಡನೇ ಬಸ್ಸು ಬರುವ ಹೊತ್ತಿಗೆ ನನ್ನ ಭಾನುವಾರ ಅರ್ಧ ಮುಗಿದಿರುತ್ತದೆ. ಉಳಿದರ್ಧ ದಾಳಿಂಬೆ ಬಿಡಿಸುವುದಕ್ಕೆ! ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೇ ಕೊಡುವ ವಾಡಿಕೆ ಹಿಂದೆ ಇತ್ತು. ನಾನು ಹುಟ್ಟುವ ಹೊತ್ತಿಗೆ ಮಾವನಿಗೆ ಮದುವೆಯಾಗಿ ಹೋಗಿತ್ತು. ಹೋದ ಜನ್ಮದಲ್ಲಿ ನಾನು ಯಾವುದೋ ಒಳ್ಳೇ ಕೆಲಸ ಮಾಡಿರಬೇಕು.

ಆ ಅದೃಷ್ಟವಿಲ್ಲದೆ ಮಾವನ ಕೈ ಹಿಡಿದವರು ನಮ್ಮ ಅತ್ತೆ. ಇಬ್ಬರೂ ಸಂಸಾರ ಮಾಡಿದಷ್ಟು ಕಾಲವೂ ಹುಳು ಸಾಕಿದವರು. ಮನೆಯ ಪಕ್ಕಕ್ಕೇ ಹುಳದ ಮನೆ. ಮಾವನಿಗೆ ಅದು ಗರ್ಭಗುಡಿ, ಅತ್ತೆಗೆ ತವರುಮನೆ. ಅವರ ಹೆಣ್ಣುಮಕ್ಕಳು ಓದಿದ್ದು, ಮದುವೆಯಾಗಿ ಹೋಗಿದ್ದು, ಮನೆಗೆ ತಾರಸಿ ಬಿದ್ದಿದ್ದು ಎಲ್ಲ ರೇಷ್ಮೆ ಗೂಡಿನಿಂದಲೇ. ಇಂಥದ್ದರಲ್ಲಿ ಅತ್ತೆಗೆ ಉಬ್ಬಸ ಹಿಡಿಯಿತು. ಹುಳುವಿನ ಧೂಳು ನಿಮ್ಮ ಮೈಗೆ ಆಗುವುದಿಲ್ಲ, ಇನ್ನು ಆ ಮನೆಯೊಳಗೆ ಕಾಲಿಡಬೇಡಿ ಅಂದರು ಡಾಕ್ಟರು. ಅತ್ತೆ ಹೂಂ ಅಂದು, ಆಸ್ಪತ್ರೆಯಿಂದ ಬಂದವರು ಸೀದಾ ಹುಳದ ಮನೆಗೇ ಹೋಗಿ ಸೊಪ್ಪು ಹಾಕಿದರು. ಹುಳು ಹಸಿದಿರುವಾಗ ಡಾಕ್ಟರ ಮಾತು ಕೇಳುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಅತ್ತೆಯ ನಗುವಿನ ವಿಷಯ ಇಲ್ಲೇ ಹೇಳಿಬಿಡಬೇಕು. ಅವರು ನಕ್ಕರೆ ಆಚೆ ಬೀದಿಯವರಿಗೂ ಕೇಳುತ್ತಿತ್ತು. ನಗಿಸುವವರು ಮಾವ. ಅವರ ಬಾಯಿಗೆ ಸಿಕ್ಕಿಕೊಳ್ಳದ ಮನುಷ್ಯನಿಲ್ಲ, ಎಮ್ಮೆಯಿಲ್ಲ, ಬಸ್ ಕಂಡಕ್ಟರಿಲ್ಲ! ಉಬ್ಬಸ ಬಂದ ಮೇಲೆ ಅತ್ತೆಯ ನಗು ಅರ್ಧಕ್ಕೇ ಮುರಿದು ಕೆಮ್ಮಾಗಲು ಶುರುವಾಯಿತು. ಒಂದು ಸಲ ಮಾವ ಹೇಳಿದ ಯಾವುದೋ ಮಾತಿಗೆ ನಕ್ಕೂ ನಕ್ಕೂ ಉಸಿರು ಸಿಗದೆ, ತುಟಿ ನೀಲಿಯಾಗಿ, ರಾಮನಗರದ ಆಸ್ಪತ್ರೆಗೆ ಹೊತ್ತುಕೊಂಡು ಓಡಬೇಕಾಯಿತು. ಅವತ್ತಿನಿಂದ ಮಾವ ಮನೆಯೊಳಗೆ ತಮಾಷೆ ಮಾಡುವುದನ್ನು ಬಿಟ್ಟರು. ಅತ್ತೆ ನಗುವುದನ್ನು ಬಿಟ್ಟರು. ನಗು ಬಂದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ನುಂಗಿಬಿಡುತ್ತಿದ್ದರು.

ಮಾವ ಹುಳುವನ್ನೂ ಬಿಟ್ಟರು. “ನಂಗೇ ಬ್ಯಾಸರ ಆಯ್ತು ಕಣವ್ವ. ಎಷ್ಟ್ ದಿನ ಅಂತ ಹುಳಕ್ಕೆ ಉಣ್ಣಕ್ಕಿಕ್ಕದು?” ಅಂದರು. ಊರಲ್ಲಿ ಒಬ್ಬರೂ ನಂಬಲಿಲ್ಲ. ಅತ್ತೆಯಂತೂ ಮುಖವನ್ನೇ ತಿರುಗಿಸಿದರು. ಹಿಪ್ಪುನೇರಳೆ ಕಿತ್ತು ಆ ಜಾಗದಲ್ಲಿ ದಾಳಿಂಬೆ ಹಾಕಿದ್ದಾಯಿತು. ಬಾವಿಯ ಪಕ್ಕದ ಒಂದು ಪಟ್ಟೆ ಹಿಪ್ಪುನೇರಳೆಯನ್ನು ಮಾತ್ರ ಅತ್ತೆ ಕೀಳಲು ಬಿಡಲಿಲ್ಲ, ಅದಕ್ಕೆ ದಿನವೂ ತಾವೇ ನೀರು ಹಾಯಿಸುತ್ತಿದ್ದರು. ಆ ಪಟ್ಟೆ ಯಾತಕ್ಕೆ ಅಂತ ಮಾವ ಕೇಳಲಿಲ್ಲ, ಅತ್ತೆ ಹೇಳಲಿಲ್ಲ.

ದಾಳಿಂಬೆ ಚೆನ್ನಾಗಿಯೇ ಬಂತು. ಆದರೆ ಹಣ್ಣು ಬಲಿಯುವ ಹೊತ್ತಿಗೆ ಸರಿಯಾಗಿ ಒಂದು ಮಳೆ ಹುಯ್ದು ಸಿಪ್ಪೆಯೆಲ್ಲ ಟಪಟಪ ಬಿರಿಯುತ್ತದೆ. ಕೊಳ್ಳಲು ಬಂದವರು ಬಿರಿದ ಹಣ್ಣನ್ನು ಕಾಲಿನಲ್ಲಿ ಆಚೆಗೆ ತಳ್ಳಿ, ಒಳ್ಳೆಯದನ್ನು ಕ್ರೇಟಿಗೆ ತುಂಬಿಕೊಂಡು ಹೋಗುತ್ತಾರೆ. ಕಾಲಿನಲ್ಲಿ ತಳ್ಳಿದ್ದನ್ನು ನೋಡಿ ಮಾವನಿಗೆ ಹೊಟ್ಟೆಯುರಿ. “ಸಿಪ್ಪೆ ಒಡ್ದೋದ್ರೆ ಒಳಗಿರದೇನ್ ತಪ್ ಮಾಡ್ತವ್ವ?” ಒಡೆದ ಹಣ್ಣನ್ನು ಏನು ಮಾಡುವುದು ಅಂತ ಮೊಬೈಲಿನಲ್ಲಿ ಹುಡುಕಿ ಹುಡುಕಿ, ಯಾವುದೋ ದೇಶದ ಹೆಂಗಸೊಬ್ಬಳು ದಾಳಿಂಬೆ ಜೆಲ್ಲಿ ಮಾಡುವ ವಿಡಿಯೋ ಹಿಡಿದರು. ಅವಳ ಭಾಷೆ ಮಾವನಿಗೆ ತಿಳಿಯದು. ತಿಳಿಯುವ ಅಗತ್ಯವೂ ಅವರಿಗೆ ಕಾಣಲಿಲ್ಲ. “ಕೈ ನೋಡುದ್ರೆ ಸಾಕು ಕಣವ್ವ, ಬಾಯಿ ಯಾಕೆ?” ಅಂದು ಸೌಂಡು ಬಂದ್ ಮಾಡಿ ನೋಡಿದರು.

ಬಾಯಿ ಯಾಕೆ ಬೇಕು ಅನ್ನುವುದು ಮೊದಲ ದಿನವೇ ಗೊತ್ತಾಯಿತು. ಆ ಹೆಂಗಸು ಕುದಿಯುವ ರಸಕ್ಕೆ ಏನೋ ಬಿಳೀ ಪುಡಿ ಉದುರಿಸಿದಳು. ಜೆಲ್ಲಿಯನ್ನು ಗಟ್ಟಿ ಮಾಡುವ ಪುಡಿ ಅದು, ಅಂಗಡಿಯಲ್ಲಿ ಸಿಗುತ್ತದೆ. ಆದರೆ ಮಾವನಿಗೆ ಗೊತ್ತಿದ್ದ ಬಿಳೀ ಪುಡಿ ಒಂದೇ. ಹುಳು ಜ್ವರಕ್ಕೆ ಕೂತಾಗ ತಟ್ಟೆ ಒಣಗಿರಲಿ ಅಂತ ಮೇಲೆ ಉದುರಿಸುವ ಸುಣ್ಣ! ಹಿಡಿ ತುಂಬ ಸುಣ್ಣದ ಪುಡಿ ಹಿಡಿದು ಪಾತ್ರೆಯ ಮೇಲೆ ಕೈ ಚಾಚಿದ್ದರು. ಅತ್ತೆ ಹಿಂದಿನಿಂದ ಬಂದು ಆ ಕೈಯನ್ನು ಗಬಕ್ಕನೆ ಹಿಡಿದರು.

“ಏನಿದು?”

“ಸುಣ್ಣ. ಆಯಮ್ಮನೂ ಹಾಕುದ್ಲು.”

“ಆಯಮ್ಮ ಸುಣ್ಣ ತಿಂದಾಳಾ? ಸುಣ್ಣ ತಿಂದೋಳು ಅಂಗೆ ನಕ್ಕೊಂಡ್ ನಿಂತಿರ್ತಾಳಾ? ಇಡಿ ಕೆಳಗೆ!”

ಅತ್ತೆ ಅವತ್ತು ಅಲ್ಲಿಲ್ಲದಿದ್ದರೆ ಈ ಪ್ರಬಂಧ ಬರೆಯಲು ನಾನಿರುತ್ತಿರಲಿಲ್ಲ. ಮೊದಲ ಚಮಚ ರುಚಿ ನೋಡುವ ಸೌಭಾಗ್ಯ ಯಾವಾಗಲೂ ನನ್ನದೇ.

ಅಲ್ಲಿಂದ ಶುರುವಾಯಿತು ನೋಡಿ. ಹುಳದ ಮನೆಯ ಕಾನೂನುಗಳೆಲ್ಲ ಒಂದೂ ಬಿಡದೆ ಜೆಲ್ಲಿಗೆ ಬಂದವು. ಚಪ್ಪಲಿ ಹಟ್ಟಿಬಾಗಿಲ ಆಚೆ. ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರು, ಅದರಲ್ಲಿ ಕಾಲು ಅದ್ದಿಯೇ ಒಳಗೆ ಬರಬೇಕು. ಮುಖಕ್ಕೆ ಪೌಡರು ಹಚ್ಚಿಕೊಂಡಿದ್ದರೆ ತೊಳೆದು ಬರಬೇಕು. ಒಂದು ಭಾನುವಾರ ಮಲ್ಲಿಗೆ ಮುಡಿದುಕೊಂಡು ಹೋಗಿದ್ದೆ, ಇರುವ ಒಂದು ರಜೆಯ ದಿನ ಹೆಣ್ಣಾಗಿ ಕಾಣೋಣ ಅಂತ. ಮಾವ ಮೂಗು ಅರಳಿಸಿ, “ಆ ವಾಸ್ನೆ ತಕೊಂಡ್ ಒಳಗ್ ಬರ್ಬ್ಯಾಡ” ಅಂದರು. ಹೂವನ್ನು ಎಮ್ಮೆಯ ಕೊಂಬಿಗೆ ಸುತ್ತಿ ಒಳಗೆ ಹೋದೆ. ಅವತ್ತಿಡೀ ದಿನ ಆ ಎಮ್ಮೆಯೇ ನನಗಿಂತ ಚೆನ್ನಾಗಿ ಕಾಣುತ್ತಿತ್ತು.

ಜೆಲ್ಲಿಯ ದಿನ ಒಗ್ಗರಣೆ ಹಾಕುವಂತಿಲ್ಲ. ಹುಳುವಿಗೆ ಒಗ್ಗರಣೆ ಘಾಟು ಆಗುವುದಿಲ್ಲ, ಆದ್ದರಿಂದ ಜೆಲ್ಲಿಗೂ ಆಗುವುದಿಲ್ಲ! ಇದಕ್ಕೆ ಮುಂದೆ ಕೇಳುವಂತಿಲ್ಲ. ಒಗ್ಗರಣೆಯಿಲ್ಲದ ಸಾರಿನಲ್ಲಿ ಮುದ್ದೆ ಮುರಿದು ನುಂಗುತ್ತ ಅತ್ತೆಯೂ ನಾನೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. “ಹುಳ ಇದ್ದಾಗ್ಲೂ ಒಗ್ಗರಣೆ ಇರ್ಲಿಲ್ಲ, ಹುಳ ಹೋದ್ರೂ ಒಗ್ಗರಣೆ ಇಲ್ಲ. ನನ್ ಹಣೇಲಿ ಒಗ್ಗರಣೇನೇ ಬರ್ದಿಲ್ಲ ಕಣೆ” ಅನ್ನುತ್ತಿದ್ದರು ಅತ್ತೆ.

ಇನ್ನು ಹಣ್ಣು ಬಿಡಿಸುವುದು. ಬಿಡಿಸಿದವರಿಗೆ ಗೊತ್ತು ಅದರ ಕಷ್ಟ. ಬಿರಿದ ಹಣ್ಣನ್ನು ಹೋಳು ಮಾಡಿ, ಬೆನ್ನಿಗೆ ಲಟ್ಟಣಿಗೆಯಲ್ಲಿ ಬಡಿದು, ಬಿದ್ದ ಕಾಳಿನಿಂದ ಹಳದಿ ಪೊರೆಯನ್ನು ಒಂದೊಂದೇ ಆಯಬೇಕು. ಪೊರೆ ಉಳಿದರೆ ಕಹಿ. ಬೆರಳು ಕಪ್ಪಾಗುತ್ತದೆ, ಸೊಂಟ ಹಿಡಿಯುತ್ತದೆ, ಸೀರೆಗೆ ಹಾರಿದ ಕಲೆ ಸೀರೆ ಇರುವ ತನಕ ಇರುತ್ತದೆ. ಸೋಮವಾರ ನನ್ನ ಉಗುರು ನೋಡಿ ನಮ್ಮ ಹೆಡ್ ಮೇಡಂ, “ಮನೆಗೆ ಪೇಂಟ್ ಮಾಡಿಸ್ತಿದ್ದೀರಾ?” ಅಂತ ಕೇಳಿದ್ದಾರೆ. ಇಷ್ಟೂ ಮಾಡಿ ಕಾಳನ್ನು ತಟ್ಟೆಗೆ ಸುರಿದರೆ ಮಾವ ಓಡಿ ಬಂದು, ಹುಳುವಿಗೆ ಮಾಡುವ ಹಾಗೆಯೇ ಬಿದಿರಿನ ತಟ್ಟೆಯ ತುಂಬ ತೆಳ್ಳಗೆ ಹರಡುವರು. “ಒತ್ತೊತ್ತಾಗ್ ಹಾಕ್ಬ್ಯಾಡ ಕಣವ್ವ, ಅವೂ ಒಸಿ ಉಸ್ರಾಡ್ಲಿ.”

“ಮಾವ, ಇನ್ನೊಂದು ಗಳಿಗೆಗೆ ಇವನ್ನ ಕುದಿಸ್ತೀರಿ!”

“ಕುದ್ಸಗಂಟ ಉಸ್ರಾಡ್ಲಿ.”

ರಸ ಹಿಂಡಿ, ಸೋಸಿ, ಸಕ್ಕರೆ ಹಾಕಿ ಒಲೆಗಿಟ್ಟ ಮೇಲೆ ಮಾವ ಚಮಚದಲ್ಲಿ ಒಂದಿಷ್ಟು ತೆಗೆದು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ನಮ್ಮ ಕಡೆ ಹಣ್ಣಾಯಿತು ಅನ್ನುತ್ತಾರೆ. ಅದರ ಮೈ ಆಗ ಬೆಳಕು ಹಾಯುವ ಹಾಗೆ ತಿಳಿಯಾಗಿರುತ್ತದೆ. ಅದೇ ಕಣ್ಣಿನಲ್ಲಿ ಚಮಚ ನೋಡಿ, “ಹಣ್ಣಾಯ್ತು, ಇಳ್ಸು” ಅನ್ನುತ್ತಾರೆ. ಅದು ತಿಳಿಯಾಗೇನೋ ಇರುತ್ತಿತ್ತು. ಇನ್ನೂ ಪಾಕವೇ ಬಂದಿರದಿದ್ದರೆ ತಿಳಿಯಾಗಿರದೆ ಇನ್ನೇನಾಗಿರುತ್ತದೆ?

ಆಮೇಲೆ ಬಾಟಲಿಗಳ ಮೆರವಣಿಗೆ ಹುಳದ ಮನೆಗೆ. ತೊಳೆದು ಬಳಿದು ಖಾಲಿ ಬಿದ್ದಿದ್ದ ಆ ಮನೆಯ ತಟ್ಟೆಗಳಲ್ಲಿ ಬಾಟಲಿಗಳನ್ನು ಸಾಲಾಗಿ ಮಲಗಿಸುವುದು. ನಿಲ್ಲಿಸುವುದಲ್ಲ, ಮಲಗಿಸುವುದು! ಮೂಲೆಗೊಂದು ಬಾಣಲೆಯಲ್ಲಿ ಕೆಂಡ, ಕಿಟಕಿಗೆ ಒದ್ದೆ ಗೋಣಿತಾಟು. ಒಳಗೆ ಕಾಲಿಟ್ಟರೆ ಬಾಣಂತಿ ಕೋಣೆ. ಆ ಶಾಖದಲ್ಲಿ ಬೆಣ್ಣೆ ಕರಗುತ್ತದೆ, ಜೆಲ್ಲಿ ಹೇಗೆ ಗಟ್ಟಿಯಾಗಬೇಕು ನೀವೇ ಹೇಳಿ. “ಮಾವ, ಫ್ರಿಜ್ಜಿನಲ್ಲಿಡಿ” ಅಂದೆ. ಹಸುಗೂಸನ್ನು ಮಳೆಯಲ್ಲಿಡು ಅಂದವಳನ್ನು ನೋಡುವ ಹಾಗೆ ನೋಡಿದರು. “ಶೀತ ಹೊಡ್ದ್ರೆ?” ಅಂದರು.

ಪಕ್ಕದ ಮನೆಯ ಅಜ್ಜಿಯೊಬ್ಬರು ಮಜ್ಜಿಗೆಗೆ ಅಂತ ಬಂದವರು ಮಾವ ಬಾಗಿಲಲ್ಲಿ ಕಾವಲು ಕೂತಿದ್ದನ್ನು ಕಂಡು, “ಮತ್ತೆ ಹುಳ ಹಾಕುದ್ಯೇನಪ್ಪ? ಎಷ್ಟನೇ ಜ್ವರ?” ಅಂತ ಕೇಳಿದರು. ಯಾರೇ ಆಗಲಿ ನಗಬೇಕು, ಅಥವಾ ನಾಚಿಕೆ ಪಡಬೇಕು. ನಮ್ಮ ಮಾವ ಗಂಭೀರವಾಗಿ, “ನಾಕ್ನೇದು ಕಣಜ್ಜಿ. ಇನ್ನೇನ್ ಎದ್ಬುಡ್ತದೆ” ಅಂದರು. ಅಜ್ಜಿ ತಲೆದೂಗಿ, ಕಾಲ ಸಪ್ಪಳವಾಗದಂತೆ ಮೆಲ್ಲಗೆ ಹೊರಟುಹೋದರು. ಒಳಗೆ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿಕೊಂಡಿದ್ದರು.

ಜ್ವರ ಬಿಟ್ಟ ಹುಳು ಏಳುತ್ತದೆ, ಜೆಲ್ಲಿ ಏಳಲಿಲ್ಲ. ಯಾವ ಸಲವೂ ಏಳಲಿಲ್ಲ. ಬಾಟಲಿ ಬಗ್ಗಿಸಿದರೆ ಗುಳುಗುಳು ಅಂತ ಹರಿಯುತ್ತಿತ್ತು. “ನಮ್ಮ ಮೊಸ್ರು ನೋಡಿ, ಎಂಗ್ ಕಲ್ಲಂಗೆ ಕುಂತದೆ” ಅಂತ ಅತ್ತೆ ಒಂದು ದಿನ ಚುಚ್ಚಿದ್ದಕ್ಕೆ, ಹಟಕ್ಕೆ ಬಿದ್ದ ಮಾವ ಮುಂದಿನ ಸಲ ಒಂದು ಚಮಚ ಮಜ್ಜಿಗೆಯನ್ನು ಹೆಪ್ಪು ಹಾಕಿಬಿಟ್ಟರು! ಸಾಯಂಕಾಲ ನೋಡಿದರೆ ಹೆಸರಿಡಲಾಗದ ಒಂದು ಪದಾರ್ಥ. ಎಮ್ಮೆಗೆ ಇಟ್ಟೆವು. ಅದು ಮೂಸಿ, ಒಬ್ಬೊಬ್ಬರ ಮುಖವನ್ನೂ ನೋಡಿ, ತಲೆ ಆ ಕಡೆ ಮಾಡಿತು.

ಗಟ್ಟಿಯಾಗದ ಬಾಟಲಿಗಳೆಲ್ಲ ನನ್ನ ಚೀಲಕ್ಕೆ. ನಮ್ಮ ಮನೆಯವರು ಅದಕ್ಕೆ ತಣ್ಣೀರು ಬೆರೆಸಿ, ನಿಂಬೆಹಣ್ಣು ಹಿಂಡಿ ಕುಡಿದು, “ಶರಬತ್ತು ಬಹಳ ಚೆನ್ನಾಗಿತ್ತು ಅಂತ ನಿಮ್ಮ ಮಾವನಿಗೆ ಹೇಳು” ಅಂದರು. ಪೆದ್ದಿ ನಾನು, ಹೇಳಿಬಿಟ್ಟೆ. ಮಾವ ಊಟ ಬಿಟ್ಟು ಎದ್ದರು. ಶರಬತ್ತಂತೆ! ಅವತ್ತಿನಿಂದ ಆ ಮನೆಯಲ್ಲಿ ಆ ಮಾತು ಎತ್ತುವಂತಿಲ್ಲ. ಬೇಸಿಗೆಯಲ್ಲಿ ನೆಂಟರು ಬಂದರೆ ಅತ್ತೆ, “ಕುಡ್ಯಕ್ಕೆ ಏನಾರಾ ತಣ್ಣಗಿರದು ಕೊಡ್ಲಾ?” ಅಂತಲೇ ಕೇಳುವುದು.

ಇಷ್ಟಾದರೂ ನಾನು ಯಾಕೆ ಹೋಗುತ್ತಿದ್ದೆ ಅಂತ ಕೇಳುತ್ತೀರಾ? ನನ್ನ ಮನೆಯವರೂ ಕೇಳುತ್ತಾರೆ. ಹೋದ ಭಾನುವಾರಕ್ಕಿಂತ ಹಿಂದಿನ ಭಾನುವಾರ, ಇನ್ನು ನಾನು ಬರುವುದಿಲ್ಲ, ನನ್ನ ಕೈಲಾಗುವುದಿಲ್ಲ ಅಂತ ಹೇಳಿಯೇ ಬರೋಣ ಅಂತ ನಿರ್ಧಾರ ಮಾಡಿಕೊಂಡು ಹೋಗಿದ್ದೆ. ಹಿತ್ತಲಲ್ಲಿ ಅತ್ತೆ ಪಾತ್ರೆ ಉಜ್ಜುತ್ತಿದ್ದರು. ಬಾಯಿ ತೆಗೆಯುವ ಮೊದಲೇ ಅವರೇ ಶುರು ಮಾಡಿದರು.

“ನೋಡು ಮಗ, ನಿಮ್ಮಾವಂಗೂ ಹೇಳಿವ್ನಿ, ನಿಂಗೂ ಹೇಳ್ತೀನಿ. ಬರೋ ವಾರದ್ದೂ ನೀರಾದ್ರೆ ನಾನು ಚಾಕಿ ತರುಸ್ತೀನಿ. ಚಾಕಿಯೋನ್ಗೆ ಹೇಳೂ ಆಗದೆ.”

ಚಾಕಿ ಅಂದರೆ ಮನೆಗೆ ತಂದು ಸಾಕುವ ಎಳೇ ಹುಳುಗಳು. ನನಗೆ ಬಾವಿಯ ಪಕ್ಕದ ಆ ಪಟ್ಟೆ ಹಿಪ್ಪುನೇರಳೆ ಯಾತಕ್ಕೆ ಅಂತ ಆಗ ಅರ್ಥವಾಯಿತು.

“ಅತ್ತೆ, ಉಬ್ಬಸ?”

“ಏನ್ ಉಬ್ಸ? ವಾಸಿ ಆಗದೆ. ನಾನ್ ಕೆಮ್ಮಿದ್ ಕಂಡಿದ್ದೀಯಾ ಈಗ?”

“ನೀವು ನಗೋದೇ ಇಲ್ವಲ್ಲ ಅತ್ತೆ. ವಾಸಿ ಆಗಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ?”

ಅತ್ತೆ ಸ್ವಲ್ಪ ಹೊತ್ತು ಒಂದೇ ಪಾತ್ರೆಯನ್ನು ಉಜ್ಜಿದರು. ಆಮೇಲೆ ದನಿ ತಗ್ಗಿಸಿ, “ಸೊಪ್ಪಾಕೋ ಹೊತ್ತಾದ್ರೆ ಈಗ್ಲೂ ಎದ್ದೋಯ್ತಾರೆ ಕಣೆ. ಹೋಗಿ ಬರೀ ತಟ್ಟೆ ಮುಂದೆ ನಿಂತ್ಕತಾರೆ. ಆ ಮನೆ ಖಾಲಿ ಬಿದ್ದಿರದು ನನ್ನಿಂದ ಅಲ್ವಾ? ಜೆಲ್ಲಿ ಗಿಲ್ಲಿ ಎಲ್ಲಾ ಯಾಕ್ ಮಾಡ್ತಾವ್ರೆ ಅನ್ಕೊಂಡಿದ್ದೀಯಾ? ಸಾಕಕ್ಕೆ ಏನೂ ಇಲ್ದೆ ಕೈ ಬಿಕೋ ಅಂತದೆ ಅವ್ರಿಗೆ. ನಂಗದು ನೋಡಕ್ಕಾಗಲ್ಲ” ಅಂದರು.

ಸಾಯಂಕಾಲ ಮಾವ ನನ್ನನ್ನು ಬಸ್ಸು ಹತ್ತಿಸಲು ಬಂದರು. ಬಸ್ಸು ಎಂದಿನಂತೆ ತಡ. ಮಾವ ರಸ್ತೆಯನ್ನೇ ನೋಡುತ್ತ ಕೇಳಿದರು. “ಚಾಕಿ ವಿಚಾರ ಹೇಳುದ್ಲಾ?”

“ಹೂಂ. ಬೇಡ ಅಂತ ಖಂಡಿತ ಹೇಳಿಬಿಡಿ ಮಾವ.”

“ಹೇಳುದ್ರೆ ಕೇಳೋ ಜಾತೀನಾ? ಹುಳ ಬಂತು ಅಂದ್ರೆ ಒಳಗ್ ಬರ್ದೇ ಇರಲ್ಲ ಅವ್ಳು. ಬಾಗ್ಲಾಕುದ್ರೆ ಕಿಟ್ಕೀಲಿ ಬತ್ತಾಳೆ.” ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು, “ಅವತ್ತು ಆಸ್ಪತ್ರೆ ದಾರೀಲಿ ಅವ್ಳ ತಲೆ ನನ್ ತೊಡೆ ಮ್ಯಾಲಿತ್ತು ಕಣವ್ವ. ಬಾಯಿ ತಗೀತಾವ್ಳೆ, ಉಸ್ರು ಒಳಕ್ಕೋಯ್ತಿಲ್ಲ. ನಗ್ಸಿದ್ದು ನಾನು. ನಾನೇ ನಗ್ಸಿದ್ದು.”

ನನಗೆ ಅಳು ಬರುವ ಹಾಗಾಯಿತು, ಆಯಾಸವೂ ಆಗಿತ್ತು, ಎರಡೂ ಸೇರಿ ಸಿಟ್ಟು ಬಂತು. ಅಂಗಡಿಯ ಆ ಪುಡಿ ಹಾಕಿ ಸಾಯಿರಿ, ನಿಂತುಕೊಳ್ಳುತ್ತದೆ ಅಂದೆ. “ಪುಡಿ ಹಾಕಿ ನಿಲ್ಸುದ್ರೆ ಅದು ನಿಂತಂಗಾ?” ಅಂದರು. ಹಾಗಾದರೆ ನಿಂಬೆಹಣ್ಣು ಹಿಂಡಿ, ಇನ್ನೂ ಚೆನ್ನಾಗಿ ಕುದಿಸಿ, ಫ್ರಿಜ್ಜಿನಲ್ಲಿಡಿ ಅಂದೆ. ನಿಂಬೆಹಣ್ಣಿಗೆ ಒಪ್ಪಿದರು. ಕುದಿಸಲೂ ಒಪ್ಪಿದರು. ಫ್ರಿಜ್ಜಿನ ಮಾತು ಬರುವಷ್ಟರಲ್ಲಿ ಬಸ್ಸು ಬಂತು. ಇನ್ನು ಬರುವುದಿಲ್ಲ ಅನ್ನುವ ಮಾತು ನನ್ನ ಬಾಯಲ್ಲೇ ಉಳಿಯಿತು.

ಹೋದ ಭಾನುವಾರ ಫೋನಿಗೆ ಕಾಯದೆ ನಾನೇ ಹೋದೆ. ಮಾವ ಹಿಂದಿನ ದಿನವೇ ಒಬ್ಬರೇ ಕೂತು ಹಣ್ಣು ಬಿಡಿಸಿ, ನಿಂಬೆಹಣ್ಣು ಹಿಂಡಿ, ಮಂದವಾಗುವ ತನಕ ಕುದಿಸಿ ಬಾಟಲಿಗೆ ತುಂಬಿದ್ದರು. ಎಲ್ಲಿಟ್ಟಿದ್ದರು ಅಂತ ಕೇಳಬೇಡಿ. ಕೆಂಡದ ಬಾಣಲೆ, ಒದ್ದೆ ಗೋಣಿತಾಟು ಎಲ್ಲ ಯಥಾಪ್ರಕಾರ, ಬಾಟಲಿಗಳನ್ನು ಮಲಗಿಸದೆ ನಿಲ್ಲಿಸಿದ್ದೊಂದೇ ಹೊಸದು! ಆದರೂ ಮಾವ ಒಂದು ಬಾಟಲಿಯನ್ನು ಹೊರಗೆ ತಂದು ಮುಚ್ಚಳ ತೆಗೆದಾಗ ನನಗೇ ಆಶ್ಚರ್ಯವಾಯಿತು. ಮೇಲ್ಭಾಗ ನಯವಾಗಿ, ಹೊಳೆಯುತ್ತ, ಗಟ್ಟಿಯಾಗಿ ಕಾಣುತ್ತಿತ್ತು. ಮಾವ ಬೆರಳಿನಿಂದ ಮೆಲ್ಲಗೆ ಒತ್ತಿದರು. ಬೆರಳು ಒಳಗೆ ಹೋಗಲಿಲ್ಲ.

“ಎದ್ಬುಡ್ತು!” ಅಂತ ಕೂಗಿದರು. “ಬಾರೇ ಇವಳೇ ಹೊರಕ್ಕೆ! ಜ್ವರ ಬುಡ್ತು!”

ಅತ್ತೆ ಬಂದು ಜಗಲಿಯ ಮೇಲೆ ನಿಂತರು. ಗದ್ದಲಕ್ಕೆ ಪಕ್ಕದ ಮನೆಯ ಅಜ್ಜಿಯೂ ಬಂದರು. ಅತ್ತೆ ಬಾಟಲಿ ನೋಡಿ, “ಮ್ಯಾಲೇನೋ ಕುಂತದೆ. ಒಳಗೆ?” ಅಂದರು.

ಅಷ್ಟು ಹೇಳಿದ್ದೇ ತಡ, ಮಾವನಿಗೆ ಪೌರುಷ ಬಂದುಬಿಟ್ಟಿತು. ಒಗೆದ ಬಿಳೀ ಬನಿಯನ್ನು ಹಾಕಿಕೊಂಡು, ಎಣ್ಣೆ ಹಚ್ಚಿದ ಬೋಳುತಲೆ ಮಿಂಚಿಸುತ್ತ ಅಂಗಳದ ನಡುವೆ ನಿಂತರು. “ಒಳಗಾ? ನೋಡು ಹಂಗಾರೆ. ಕುಂತಿದ್ರೆ ಬೀಳಾಕಿಲ್ಲ. ಬಿದ್ರೆ ಇವತ್ತೇ ನಿನ್ ಚಾಕಿ ತಂದ್ಕೊ, ನಾನ್ ಕೇಳಾಕಿಲ್ಲ!” ಅಂದವರೇ ಬಾಟಲಿಯನ್ನು ತಮ್ಮ ತಲೆಯ ಮೇಲೆಯೇ ಬೋರಲು ಹಿಡಿದರು.

ಬೀಳಲಿಲ್ಲ. ಮಾವನ ಮುಖ ಅರಳಿತು. “ನೋಡ್ದಾ?” ಅಂದರು.

ಬುಳಕ್!

ಮೇಲೆ ಕೆನೆಯ ಹಾಗೆ ಕಟ್ಟಿದ್ದ ಚರ್ಮ ಮೊದಲು ಬಂದು ನೆತ್ತಿಯ ಮೇಲೆ ಟೋಪಿಯಂತೆ ಕೂತಿತು. ಹಿಂದೆಯೇ ಉಳಿದಿದ್ದೆಲ್ಲ ಬೆಚ್ಚಗೆ, ಕೆಂಪಗೆ, ಹಣೆಗೆ, ಮೀಸೆಗೆ, ಕಿವಿಗೆ, ಬಿಳೀ ಬನಿಯನ್ನಿಗೆ ನಿಧಾನವಾಗಿ ಇಳಿಯಿತು. ಮಾವ ಬಾಟಲಿ ಹಿಡಿದ ಕೈ ಇಳಿಸಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ. ಅಜ್ಜಿ ಮೆಲ್ಲಗೆ, “ಪಾಪ, ಹಾಲು ರೋಗ ಬಂದ್ಬುಟ್ಟದೆ” ಅಂದರು. ಹಾಗಂದರೆ ಹುಳುವಿನ ಮೈ ನೀರಾಗಿ ಒಡೆಯುವ ಕಾಯಿಲೆ.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜ ಕುಲುಕಿತು. ಇನ್ನೂ ಗಟ್ಟಿಯಾಗಿ ಒತ್ತಿಕೊಂಡರು. ಮಾವನ ಮೂಗಿನ ತುದಿಯಿಂದ ಒಂದು ಕೆಂಪು ಹನಿ ಇನ್ನೇನು ಬಿತ್ತು ಬಿತ್ತು ಅನ್ನುವ ಹಾಗೆ ನೇತಾಡುತ್ತಿತ್ತು. ಅತ್ತೆಯ ಕೈಯಿಂದ ಸೆರಗು ಜಾರಿತು. “ಶರಬತ್ತು!” ಅಂದರು. “ಅಯ್ಯಯ್ಯಪ್ಪಾ, ಶರಬತ್ತು ಕಣೇ!”

ಅದೆಂಥಾ ನಗು! ಕಂಬ ಹಿಡಿದುಕೊಂಡು ನಕ್ಕರು, ಕಂಬ ಬಿಟ್ಟು ಜಗಲಿಯ ಮೇಲೆ ಕೂತು ನಕ್ಕರು. ಆಚೆ ಬೀದಿಯಲ್ಲಿ ಯಾರೋ ಬಾಗಿಲು ತೆರೆದ ಸದ್ದಾಯಿತು. ನಾನು ಮಾತ್ರ ಒಳಗೆ ಓಡಿ ಗೋಡೆಯ ಗೂಡಿನಲ್ಲಿಟ್ಟಿದ್ದ ಉಬ್ಬಸದ ಪಂಪು ಹಿಡಿದುಕೊಂಡು ಬಂದು ಅವರ ಪಕ್ಕ ನಿಂತೆ. ಇನ್ನೇನು ಬರುತ್ತದೆ ಕೆಮ್ಮು. ಈ ನಗು ಇನ್ನೇನು ಮುರಿಯುತ್ತದೆ. ಮಾವನೂ ಅದನ್ನೇ ಕಾಯುತ್ತಿದ್ದರು. ಮುಖ ಒರೆಸಿಕೊಳ್ಳುವುದನ್ನೂ ಮರೆತು ಅತ್ತೆಯ ಎದೆಯನ್ನೇ ನೋಡುತ್ತ ನಿಂತಿದ್ದರು.

ಕೆಮ್ಮು ಬರಲಿಲ್ಲ. ನಗು ತನ್ನಷ್ಟಕ್ಕೆ ತಾನೇ ಇಳಿಯಿತು, ಮಾವನ ಮುಖ ನೋಡಿ ಇನ್ನೊಂದು ಸಲ ಏರಿತು, ಮತ್ತೆ ಇಳಿಯಿತು. ಕೊನೆಗೆ ಅತ್ತೆ ಕಣ್ಣೊರೆಸಿಕೊಂಡು ಒಂದು ಉಸಿರು ಎಳೆದುಕೊಂಡರು. ಉದ್ದನೆಯ, ತುಂಬು ಉಸಿರು. ಎಲ್ಲೂ ಸಿಳ್ಳೆ ಹಾಕಲಿಲ್ಲ, ಎಲ್ಲೂ ತಡೆಯಲಿಲ್ಲ.

“ಕೆಮ್ಲಿಲ್ಲ” ಅಂದರು ಮಾವ. ಅವರ ದನಿ ನನಗೇ ಸರಿಯಾಗಿ ಕೇಳಲಿಲ್ಲ.

“ಇಲ್ಲ ಮಾವ” ಅಂದೆ.

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಇನ್ನೊಂದು ಉಸಿರು ಎಳೆದು ನೋಡಿದರು. ಆಮೇಲೆ, “ಎಷ್ಟ್ ವರ್ಷ ಆಗಿತ್ತು ಕಣೆ ಹಿಂಗೆ ಉಸ್ರು ಎಳ್ದು” ಅಂದರು. “ಇದನ್ನ ನಾನು ಕಳ್ಕೊಳಾಕಿಲ್ಲ. ಆ ಚಾಕಿಯೋನ್ಗೆ ಫೋನ್ ಮಾಡಿ ಬ್ಯಾಡ ಅನ್ನು ಮಗ.”

ಮಾವ ತಲೆಯ ಮೇಲಿನ ಟೋಪಿ ತೆಗೆಯಲಿಲ್ಲ. ಕಣ್ಣಿನಿಂದ ಇಳಿಯುತ್ತಿದ್ದುದು ದಾಳಿಂಬೆಯದೋ ಅವರದೋ ಹೇಳುವಂತಿರಲಿಲ್ಲ. ಖಾಲಿ ಬಾಟಲಿಯನ್ನು ನನ್ನ ಕಡೆ ಚಾಚಿದರು.

“ಇನ್ನೊಂದ್ ತತ್ತಾರವ್ವ.”

“ಯಾತಕ್ಕೆ ಮಾವ?”

“ತತ್ತಾ ಅಂದೆ. ಸುರ್ಕತೀನಿ.”

ನಾನು ಚಪ್ಪಲಿ ಬಿಟ್ಟು, ಯಾರೂ ಹೇಳದೆಯೇ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ, ಇನ್ನೊಂದು ಬಾಟಲಿ ತರಲು ಹುಳದ ಮನೆಯೊಳಗೆ ಹೋದೆ.